ಕಬ್ಬಿಣದ ಭಿಕ್ಷೆ: ಉಕ್ಕಿನ ನಾಡಿಗೆ ಬೇಕಾದ ಸಂಶೋಧನಾಲಯ

ಕೊಳ್ಳೇಗಾಲ ಸೀಮೆಯ, ಕಾವೇರಿ ದಡದ ಮುಳ್ಳೂರಿನಲ್ಲಿ ಭತ್ತ ಬಾಗುವ ಹೊತ್ತಿಗೆ ಕುಲುಮೆಗೆ ಬಿಡುವಿರುವುದಿಲ್ಲ. ಕೊಯ್ಲಿನ ಯಂತ್ರ ಬಂದ ಮೇಲೆ ಕುಡ್ಲುಗಳ ಲೆಕ್ಕ ಇಳಿದಿದೆ, ನಿಜ. ಆದರೂ ಕಬ್ಬು, ಹಿಪ್ಪುನೇರಳೆ, ತೆಂಗು, ಬೇಲಿ ಎಂದು ಮಚ್ಚು ಕುಡ್ಲುಗಳ ಕೆಲಸ ಮುಗಿದಿಲ್ಲ. ನಾನು ಹೋದ ದಿನ ಆಚಾರ್ರು ಗುಜರಿಯಿಂದ ತಂದ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡೊಂದನ್ನು ಕುಡ್ಲು ಮಾಡಿ ಮುಗಿಸುತ್ತಿದ್ದರು. ಬಡಿದು ಬಾಗಿಸಿ ರೂಪ ಬಂದ ಮೇಲೆ ಅದನ್ನು ಮತ್ತೊಮ್ಮೆ ಕೆಂಡದಲ್ಲಿ ಹುದುಗಿಸಿದರು. ಬಣ್ಣ ನೋಡಿಕೊಂಡು ತೆಗೆದರು. ಅಲಗಿನ ಅಂಚನ್ನಷ್ಟೇ ನೀರಿಗೆ ತಾಗಿಸಿ ಕೂಡಲೇ ಮೇಲೆತ್ತಿದರು. ಬೆನ್ನಿನ ಭಾಗ ಇನ್ನೂ ಕೆಂಪಗಿತ್ತು. ಅಂಚನ್ನು ಕಲ್ಲಿಗೆ ಉಜ್ಜಿ ಹೊಳಪು ಬರಿಸಿ ಸುಮ್ಮನೆ ನೋಡುತ್ತ ಕೂತರು. ಬೆನ್ನಿನ ಕಾವು ನಿಧಾನಕ್ಕೆ ಅಂಚಿನ ಕಡೆಗೆ ಹರಿಯಿತು. ಹೊಳಪಿನ ಮೇಲೆ ಒಣಹುಲ್ಲಿನ ಹಳದಿ ಮೂಡಿತು, ಅದು ಕಂದಿಗೆ ತಿರುಗುವಷ್ಟರಲ್ಲಿ ಇಡೀ ಕುಡ್ಲು ನೀರಿನೊಳಗಿತ್ತು.

"ಈ ಪಟ್ಟಿಲಿ ಹದ ಕೂರ್ತದ ಸ್ವಾಮಿ. ಮನೆ ಕಟ್ಟೋ ಕಂಬಿಲಿ ಎಷ್ಟು ಬಡುದ್ರೂ ಕೂರಲ್ಲ" ಅಂದರು.

"ಅದ್ಯಾಕೆ ಆಚಾರ್ರೇ?"

"ಯಾಕ ಅಂತ ನಾನ್ ಯಾರ್ನ ಕೇಳ್ಲಿ?"

ಈ ಲೇಖನ ಹುಟ್ಟಿದ್ದು ಆ ಮಾತಿನಿಂದ. ಉಕ್ಕಿನ ಬಗ್ಗೆ ಪ್ರಶ್ನೆ ಇರುವವರು ಯಾರನ್ನು ಕೇಳಬೇಕು? ಕೇಳಿಸಿಕೊಳ್ಳಲೆಂದೇ, ಉತ್ತರ ಹುಡುಕಿ ಕುಲುಮೆಯ ಬಾಯಿಗೇ ತಲುಪಿಸಲೆಂದೇ ಕಟ್ಟಿದ ಸಂಸ್ಥೆಗಳು ಲೋಕದಲ್ಲಿವೆ. ಅವು ಏನು ಮಾಡುತ್ತವೆ, ಭಾರತದಲ್ಲಿ ಯಾವುವು ಇವೆ, ಉಕ್ಕಿಗೆ ಹೆಸರನ್ನೇ ಕೊಟ್ಟ ಕನ್ನಡ ನಾಡಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಒಟ್ಟಾಗಿ ನೋಡುವ ಪ್ರಯತ್ನವಿದು.

ಕಂಬಿಯೊಳಗಿನ ಉಂಗುರ

ಆಚಾರ್ರ ಪ್ರಶ್ನೆಗೆ ಉತ್ತರ ಇಂಗಾಲದಲ್ಲಿದೆ. ಲಾರಿ ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಶೇ. 0.5ರಿಂದ 0.6ರಷ್ಟಿರುತ್ತದೆ, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂ, ಮ್ಯಾಂಗನೀಸ್ ಸೇರಿರುತ್ತವೆ. ಕಾಯಿಸಿ ನೀರಿಗೆ ಅದ್ದಿದಾಗ ಅದು ಗಟ್ಟಿಯಾಗುವುದು ಈ ಇಂಗಾಲದ ಬಲದಿಂದ. ಮನೆ ಕಟ್ಟುವ ಟಿಎಂಟಿ ಕಂಬಿಯಲ್ಲಿ ಇಂಗಾಲ ಶೇ. 0.25ರ ಆಸುಪಾಸು, ಹಲವೊಮ್ಮೆ ಅದಕ್ಕೂ ಕಡಿಮೆ. ಅಷ್ಟು ಕಡಿಮೆ ಇಂಗಾಲಕ್ಕೆ ಅಲಗಿನ ಹರಿತ ಹಿಡಿದಿಡುವ ಶಕ್ತಿಯಿಲ್ಲ.

ಹಾಗಾದರೆ ಕಂಬಿಗೆ ಬಲ ಎಲ್ಲಿಂದ ಬಂತು? ಟಿಎಂಟಿ ಕಂಬಿಯನ್ನು ಅಡ್ಡಕ್ಕೆ ಕೊಯ್ದು, ಕೊಯ್ದ ಮುಖವನ್ನು ನುಣ್ಣಗೆ ಉಜ್ಜಿ, ತಿಳಿಯಾದ ನೈಟ್ರಿಕ್ ಆಮ್ಲ ಸವರಿದರೆ ಹೊರ ಅಂಚಿನಲ್ಲಿ ಕಪ್ಪನೆಯ ಉಂಗುರವೊಂದು ಏಳುತ್ತದೆ. ಒಳಗಿನ ತಿರುಳು ಬೂದಿಬಣ್ಣಕ್ಕೇ ಉಳಿಯುತ್ತದೆ. ಗಿರಣಿಯ ಕೊನೆಯ ಉರುಳೆಯಿಂದ ಕಂಬಿ ಸುಮಾರು 1000 ಡಿಗ್ರಿ ಕಾವಿನಲ್ಲಿ ಹೊರಬರುತ್ತದೆ. ಆಗಲೇ ಅದನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ನೀರಿನ ಬಿರುಸಿನೊಳಗೆ ಹಾಯಿಸುತ್ತಾರೆ. ಹೊರಮೈ ತಣಿದು ಮಾರ್ಟೆನ್ಸೈಟ್ ಎಂಬ ಗಡುಸು ರೂಪಕ್ಕೆ ತಿರುಗುತ್ತದೆ, ತಿರುಳು ಕೆಂಪಗೇ ಇರುತ್ತದೆ. ಆಮೇಲೆ ತಿರುಳಿನ ಕಾವು ಹೊರಕ್ಕೆ ಹರಿದು ಆ ಗಡುಸನ್ನು ಹದಗೊಳಿಸುತ್ತದೆ. ಹೊರಗೆ ಬಲ, ಒಳಗೆ ಬಾಗುವ ಗುಣ, ಎರಡೂ ಒಂದೇ ಕಂಬಿಯಲ್ಲಿ. ಅದೇ ಕಂಬಿಯನ್ನು ಕುಲುಮೆಯಲ್ಲಿ ಮತ್ತೆ ಕಾಯಿಸಿದರೆ ಆ ಉಂಗುರ ಕರಗಿಹೋಗುತ್ತದೆ. ಉಳಿಯುವುದು ಮೆತ್ತನೆಯ ಕಬ್ಬಿಣ.

ಈ ವಿಧಾನದ ಮೂಲ ಹೆಸರು ಟೆಂಪ್‌ಕೋರ್. ಅದು ರೂಪುಗೊಂಡದ್ದು 1970ರ ದಶಕದಲ್ಲಿ, ಬೆಲ್ಜಿಯಂನ ಲಿಯೇಜ್ ನಗರದ ಸಿಆರ್‌ಎಂ ಎಂಬ ಲೋಹ ಸಂಶೋಧನಾ ಕೇಂದ್ರದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ಅಲ್ಲಿಯ ಉಕ್ಕಿನ ಕಾರ್ಖಾನೆಗಳು ಒಟ್ಟುಗೂಡಿ ಕಟ್ಟಿಕೊಂಡ ಸಂಸ್ಥೆ ಅದು. ಟೆಂಪ್‌ಕೋರ್ ಬರುವ ಮುಂಚೆ ನಮ್ಮಲ್ಲಿ ಕಂಬಿಗೆ ಬಲ ಬರಲು ತಣ್ಣಗಿರುವಾಗಲೇ ತಿರುಚುತ್ತಿದ್ದರು. ಹಳೆಯ ಗಾರೆ ಕೆಲಸದವರು ಟಾರ್ ಸ್ಟೀಲ್ ಎನ್ನುವುದು ಅದನ್ನೇ. ಬೆಲೆಬಾಳುವ ಮಿಶ್ರಲೋಹ ಸೇರಿಸದೆ, ಇಂಗಾಲ ಹೆಚ್ಚಿಸದೆ, ಬರೀ ನೀರು ಮತ್ತು ಸಮಯದ ಲೆಕ್ಕದಿಂದ ಬಲ ತರಬಹುದೆಂದು ಲಿಯೇಜ್‌ನವರು ತೋರಿಸಿದರು. ಇಂದು ಮುಳ್ಳೂರಿನ ಹೊಸ ಮನೆಗಳ ಪಿಲ್ಲರ್‌ಗಳಲ್ಲಿ ನಿಂತಿರುವ ಕಂಬಿ ಆ ಸಂಶೋಧನೆಯ ಫಲ.

ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಅಂಚನ್ನು ತಣಿಸಿ, ಒಡಲಲ್ಲಿ ಉಳಿದ ಕಾವಿನಿಂದಲೇ ಆ ಅಂಚನ್ನು ಹದಕ್ಕೆ ತರುವುದು ಟೆಂಪ್‌ಕೋರ್‌ನ ತಿರುಳು. ಮುಳ್ಳೂರಿನ ಆಚಾರ್ರು ನನ್ನ ಕಣ್ಣೆದುರು ಮಾಡಿದ್ದೂ ಅದೇ. ಅವರಿಗೆ ತಂದೆಯಿಂದ ಬಂದ ವಿದ್ಯೆ ಅದು. ಅರಿವಿನ ಮೂಲದಲ್ಲಿ ಇಬ್ಬರಿಗೂ ಭೇದವಿಲ್ಲ. ಲಿಯೇಜ್‌ನಲ್ಲಿ ಆ ಅರಿವನ್ನು ಅಳೆದರು, ಬರೆದಿಟ್ಟರು, ಗಂಟೆಗೆ ಹತ್ತಾರು ಟನ್ ಹೊರಹಾಕುವ ಗಿರಣಿಗೆ ಹೊಂದಿಸಿದರು, ಕೇಳಿದವರಿಗೆ ಕಲಿಸಿದರು. ಅನ್ವಯಿಕ ಸಂಶೋಧನಾಲಯದ ಕೆಲಸವೆಂದರೆ ಇದೇ.

ಉಕ್ಕು ಎಂಬ ನಮ್ಮ ಮಾತು

ಅಳೆದು ಬರೆದಿಡದ ಅರಿವಿನ ಗತಿ ಏನೆಂಬುದಕ್ಕೆ ಸಾಕ್ಷಿ ನಮ್ಮ ಮನೆಯಲ್ಲೇ ಇದೆ. ದಕ್ಷಿಣ ಭಾರತದ ಮೂಸೆ ಉಕ್ಕನ್ನು ಐರೋಪ್ಯರು 'ವೂಟ್ಜ್' ಎಂದು ಕರೆದರು. ಅದು ಕನ್ನಡದ 'ಉಕ್ಕು' ಎಂಬ ಮಾತೇ ಬಾಯಿಂದ ಬಾಯಿಗೆ ಮಾರ್ಪಟ್ಟು ಆದದ್ದು ಎಂಬುದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ ಮಾತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ಕಂಡು ದಾಖಲಿಸಿದ. ಕಬ್ಬಿಣದ ತುಂಡುಗಳನ್ನು ತಂಗಡಿ ಕಡ್ಡಿ, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಗೆ ಮಣ್ಣು ಮೆತ್ತಿ ಕಾಯಿಸುತ್ತಿದ್ದರು. ಕಡ್ಡಿ ಮತ್ತು ಎಲೆಯ ಇಂಗಾಲ ಕಬ್ಬಿಣದೊಳಗೆ ಇಳಿದು ಉಕ್ಕಾಗುತ್ತಿತ್ತು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗಿ ದೂರದ ಊರುಗಳಿಗೆ ಹೋಗುತ್ತಿತ್ತೆಂದೂ ಅವನು ಬರೆದಿದ್ದಾನೆ.

ಇದೇ ಉಕ್ಕಿನ ತುಂಡುಗಳು 1790ರ ದಶಕದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಕೈಸೇರಿದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಅವುಗಳ ಕುರಿತು ಪ್ರಬಂಧ ಮಂಡಿಸಿದ. 1819ರ ಹೊತ್ತಿಗೆ ಮೈಕೆಲ್ ಫ್ಯಾರಡೆ ಅದರ ಬೆನ್ನು ಹತ್ತಿದ. ವಿದ್ಯುತ್ತಿನ ಪಿತಾಮಹನೆಂದು ನಾವು ಶಾಲೆಯಲ್ಲಿ ಓದುವ ಫ್ಯಾರಡೆ ಕಮ್ಮಾರನ ಮಗ. ಅವನ ಜೊತೆಗೆ ನಿಂತವನು ಜೇಮ್ಸ್ ಸ್ಟೊಡಾರ್ಟ್, ಲಂಡನ್ನಿನಲ್ಲಿ ಚಾಕು, ಶಸ್ತ್ರಚಿಕಿತ್ಸೆಯ ಉಪಕರಣ ಮಾಡಿ ಮಾರುತ್ತಿದ್ದವನು. ಒಬ್ಬ ವಿಜ್ಞಾನಿ, ಒಬ್ಬ ಕಸುಬುದಾರ ಕೂಡಿ ವೂಟ್ಜ್‌ನ ಗುಟ್ಟು ಹುಡುಕಲು ಕಬ್ಬಿಣಕ್ಕೆ ಬೆಳ್ಳಿ, ಪ್ಲಾಟಿನಂ, ನಿಕಲ್ ಬೆರೆಸಿ ನೋಡಿದರು. ಪ್ರಯೋಗಶಾಲೆಯಲ್ಲಿ ಸಿಕ್ಕ ಫಲವನ್ನು ಶೆಫೀಲ್ಡ್‌ನ ಉಕ್ಕಿನ ಕಾರ್ಖಾನೆಯಲ್ಲಿ ದೊಡ್ಡ ಮಟ್ಟದಲ್ಲಿ ಕರಗಿಸಿ ಪರೀಕ್ಷಿಸಿದರು. 1820 ಮತ್ತು 1822ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುಟ್ಟು ಅಲ್ಯೂಮಿನಿಯಂನಲ್ಲಿದೆ ಎಂದು ಫ್ಯಾರಡೆ ಮೊದಲು ತಪ್ಪಾಗಿ ತಿಳಿದಿದ್ದ. ಅದು ಇಂಗಾಲದಲ್ಲೂ ಮೂಸೆ ನಿಧಾನವಾಗಿ ತಣಿಯುವುದರಲ್ಲೂ ಇದೆ ಎಂಬುದನ್ನು ಪ್ಯಾರಿಸ್‌ನ ಬ್ರೆಯಾಂ ಮೊದಲಾದವರು ಮುಂದೆ ಬಿಡಿಸಿದರು. ಮಿಶ್ರಲೋಹ ಉಕ್ಕಿನ ವಿಜ್ಞಾನದ ಆರಂಭವನ್ನು ಈ ಪ್ರಯೋಗಗಳಲ್ಲಿ ಗುರುತಿಸುತ್ತಾರೆ.

ಉಕ್ಕು ನಮ್ಮದು, ಅದರ ಮೇಲಿನ ಸಂಶೋಧನೆ ಅವರದಾಯಿತು. ನಮ್ಮ ಕುಲುಮೆಗಳು ಒಂದೊಂದಾಗಿ ಆರಿದವು. ಕೈಯಲ್ಲಿದ್ದ ವಿದ್ಯೆ ಕೈಯ ಜೊತೆಗೇ ಮಣ್ಣಾಯಿತು. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅಂಥವರು ಹಳೆಯ ಮೂಸೆಯ ಚೂರುಗಳನ್ನೂ ಕಿಟ್ಟದ ಗುಡ್ಡೆಗಳನ್ನೂ ಪರೀಕ್ಷಿಸಿ ಆ ಕಥೆಯನ್ನು ಮತ್ತೆ ಕೂಡಿಸಿಕೊಟ್ಟಿದ್ದು ತೀರ ಈಚೆಗೆ.

ಕುಲುಮೆಯ ಬಾಯಲ್ಲಿ ವಿಜ್ಞಾನ

ಉಕ್ಕಿನ ಸಂಶೋಧನೆಯಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಮೂಲವಿಜ್ಞಾನ: ಪರಮಾಣುಗಳು ಹೇಗೆ ಜೋಡಿಯಾಗುತ್ತವೆ, ಯಾವ ಕಾವಿನಲ್ಲಿ ಯಾವ ರೂಪ. ಮೂರನೆಯದು ಕಾರ್ಖಾನೆಯ ದಿನನಿತ್ಯ: ಇಂದಿನ ಪಾಳಿಯಲ್ಲಿ ಎಷ್ಟು ಟನ್, ಎಷ್ಟು ದೋಷ. ಇವೆರಡರ ನಡುವಿನ ಮೆಟ್ಟಿಲೇ ಅನ್ವಯಿಕ ಸಂಶೋಧನೆ. ಮೇಜಿನ ಮೇಲೆ ನೂರು ಗ್ರಾಂನಲ್ಲಿ ಗೆದ್ದದ್ದು ನೂರು ಟನ್‌ನಲ್ಲಿ ಗೆಲ್ಲುತ್ತದೆಯೇ ಎಂದು ನೋಡುವ ಮೆಟ್ಟಿಲು. ಹೆಚ್ಚು ಹಣ ಬೇಡುವುದೂ ಇದೇ, ಹೆಚ್ಚು ದೇಶಗಳಲ್ಲಿ ಮುರಿದುಬೀಳುವುದೂ ಇದೇ.

ಜರ್ಮನಿ ಇದನ್ನು ಬೇಗ ಅರಿತಿತು. 1917ರಲ್ಲಿ ಅಲ್ಲಿಯ ಉಕ್ಕಿನ ಸಂಘ ಮುಂದೆ ನಿಂತು ಕಬ್ಬಿಣದ ಸಂಶೋಧನೆಗೆಂದೇ ಒಂದು ಸಂಸ್ಥೆ ಕಟ್ಟಿತು. ಡ್ಯೂಸೆಲ್ಡಾರ್ಫ್‌ನಲ್ಲಿ ಬೆಳೆದ ಅದು ಇಂದು ಮ್ಯಾಕ್ಸ್ ಪ್ಲಾಂಕ್ ಬಳಗದ ಮೂಲವಿಜ್ಞಾನ ಕೇಂದ್ರ. ಅದೇ ಊರಿನಲ್ಲಿ ಬಿಎಫ್‌ಐ ಎಂಬ ಇನ್ನೊಂದು ಸಂಸ್ಥೆಯಿದೆ. ಅದರ ಕೆಲಸ ಕಾರ್ಖಾನೆಯೊಳಗಿನ ತೊಡಕುಗಳನ್ನು ಬಿಡಿಸುವುದು: ಕುಲುಮೆಯ ಬಿಸಿಗಾಳಿ, ಉರುಳೆಗಳ ಅಳತೆ, ಇಂಧನದ ಉಳಿತಾಯ, ಕೊಳಕು ನೀರಿನ ಶುದ್ಧೀಕರಣ. ಒಂದೇ ಊರಿನಲ್ಲಿ ಎರಡು ಮೆಟ್ಟಿಲಿಗೂ ಬೇರೆ ಬೇರೆ ಮನೆ.

ಸ್ವೀಡನ್ನಿನ ಉತ್ತರ ತುದಿಯ ಲೂಲಿಯೊ ಪಟ್ಟಣದ ಉದಾಹರಣೆ ಇನ್ನೂ ಸ್ಪಷ್ಟ. ಅಲ್ಲಿಯ ಅದಿರಿನ ಕಂಪನಿ ಎಲ್‌ಕೆಎಬಿ 1997ರಲ್ಲಿ ಪ್ರಯೋಗಕ್ಕೆಂದೇ ಸಣ್ಣ ಊದುಕುಲುಮೆಯೊಂದನ್ನು ಕಟ್ಟಿತು. ಪಕ್ಕದಲ್ಲೇ ಉದ್ಯಮಗಳೆಲ್ಲ ಸೇರಿ ನಡೆಸುವ ಸಂಶೋಧನಾಲಯ. ಮೆಫೋಸ್ ಎಂದಿದ್ದ ಅದರ ಈಗಿನ ಹೆಸರು ಸ್ವೆರಿಮ್. ಆ ಕುಲುಮೆಯನ್ನು ಕೆಲವು ವಾರ ಉರಿಸುತ್ತಾರೆ. ಆಮೇಲೆ ಸಾರಜನಕ ಹಾಯಿಸಿ ಇದ್ದ ಸ್ಥಿತಿಯಲ್ಲೇ ತಣಿಸುತ್ತಾರೆ. ಬಾವಿ ತೋಡುವಂತೆ ಮೇಲಿನಿಂದ ಪದರ ಪದರವಾಗಿ ಅಗೆದು, ಯಾವ ಆಳದಲ್ಲಿ ಅದಿರು ಎಷ್ಟು ಕರಗಿದೆ, ಕಲ್ಲಿದ್ದಲಿನಿಂದ ಮಾಡಿದ ಕೋಕ್ ಎಷ್ಟು ಸವೆದಿದೆ ಎಂದು ನೋಡುತ್ತಾರೆ. 1970ರ ಆಸುಪಾಸಿನಲ್ಲಿ ಜಪಾನಿನವರು ದೊಡ್ಡ ಕುಲುಮೆಗಳನ್ನೇ ಹೀಗೆ ನಂದಿಸಿ ಅಗೆದು ನೋಡಿದ್ದರು. ಅದಿರು ಮೆತ್ತಗಾಗಿ ಅಂಟಿಕೊಳ್ಳುವ ವಲಯವೊಂದು ಕುಲುಮೆಯ ಮಧ್ಯದಲ್ಲಿದೆ, ಗಾಳಿಯ ಹಾದಿಯನ್ನು ಅದೇ ನಿರ್ಧರಿಸುತ್ತದೆ ಎಂಬುದು ಆಗ ಕಣ್ಣಿಗೆ ಕಂಡಿತು. ಊದುಕುಲುಮೆಯನ್ನು ಲೋಕವೆಲ್ಲ ನಡೆಸುವ ರೀತಿಯೇ ಆಮೇಲೆ ಬದಲಾಯಿತು. ಲಾಭಕ್ಕೆ ಉರಿಯುವ ಕುಲುಮೆಯನ್ನು ನಂದಿಸಿ ಅಗೆಯಲು ಒಬ್ಬ ಮಾಲೀಕನಿಗೆ ಧೈರ್ಯ ಸಾಲದು. ಹಲವರು ಕೂಡಿದರೆ ಸಾಲುತ್ತದೆ.

ಹಣ ಎಲ್ಲಿಂದ? ಯುರೋಪಿನ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯ 1952ರಿಂದ 50 ವರ್ಷ ನಡೆಯಿತು. ಕಂಪನಿಗಳು ಉತ್ಪಾದನೆಯ ಮೇಲೆ ವಂತಿಗೆ ಕೊಡುತ್ತಿದ್ದವು. 2002ರಲ್ಲಿ ಆ ಒಪ್ಪಂದ ಮುಗಿದಾಗ ಉಳಿದ ಆಸ್ತಿಯನ್ನು ಹಂಚಿಕೊಳ್ಳದೆ ಕಲ್ಲಿದ್ದಲು ಮತ್ತು ಉಕ್ಕಿನ ಸಂಶೋಧನಾ ನಿಧಿಯಾಗಿ ಮಾಡಿದರು. ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸುವ ಕಂಪನಿಗಳು ಸಂಶೋಧನಾಲಯದಲ್ಲಿ ಒಂದೇ ಮೇಜಿನ ಸುತ್ತ ಕೂರಲು ಈ ನಿಧಿ ಇಂದಿಗೂ ಕಾರಣ.

ಭಾರತದ ಮನೆಗಳು

ಭಾರತ ಬರಿಗೈಯಲ್ಲಿಲ್ಲ. ಜಮ್‌ಷೆಡ್‌ಪುರದ ರಾಷ್ಟ್ರೀಯ ಲೋಹವಿಜ್ಞಾನ ಪ್ರಯೋಗಾಲಯವನ್ನು ಜವಾಹರಲಾಲ್ ನೆಹರೂ 1950ರ ನವೆಂಬರ್ 26ರಂದು ಉದ್ಘಾಟಿಸಿದರು. ಅದಿರು ಶುದ್ಧೀಕರಣದಿಂದ ಹಿಡಿದು ಬಾಯ್ಲರ್ ಕೊಳವೆಗಳು ಕಾವಿಗೆ ಎಷ್ಟು ವರ್ಷ ತಾಳುತ್ತವೆ ಎಂಬ ಪರೀಕ್ಷೆಯವರೆಗೆ ಅದರ ಕೆಲಸ ಹರಡಿದೆ. ರಾಂಚಿಯಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಸಂಶೋಧನಾ ಕೇಂದ್ರ 1970ರ ದಶಕದಿಂದ ಸರ್ಕಾರಿ ಉಕ್ಕಿನ ಕಾರ್ಖಾನೆಗಳಿಗೆ ದುಡಿಯುತ್ತಿದೆ. ಖಾಸಗಿ ಕಂಪನಿಗಳಿಗೆ ತಮ್ಮವೇ ಪ್ರಯೋಗಾಲಯಗಳಿವೆ. 1978ರಲ್ಲಿ ಹುಟ್ಟಿದ ಉಕ್ಕು ಅಭಿವೃದ್ಧಿ ನಿಧಿಯಿಂದ ಸಂಶೋಧನೆಗೂ ನೆರವು ಹೋಗಿದೆ. ಕಂಪನಿಗಳನ್ನು ಒಂದೆಡೆ ತರಲು 2015ರಲ್ಲಿ ರಾಷ್ಟ್ರಮಟ್ಟದ ಸಂಶೋಧನಾ ಮಿಷನ್ ಕೂಡ ನೋಂದಣಿಯಾಯಿತು.

ಹೊರಗಿನ ತಂತ್ರವನ್ನು ಕೊಂಡು ತಂದು ಹಾಗೆಯೇ ಇಲ್ಲಿ ನಡೆಸಲಾಗದು ಎಂಬುದೇ ಈ ಸಂಸ್ಥೆಗಳ ಅಗತ್ಯಕ್ಕೆ ಕಾರಣ. ನಮ್ಮ ಅದಿರಿನಲ್ಲಿ ಅಲ್ಯೂಮಿನಾ ಹೆಚ್ಚು. ಕುಲುಮೆಯಲ್ಲಿ ಅದು ಕಿಟ್ಟವನ್ನು ಜೇನಿನಂತೆ ಮಂದ ಮಾಡುತ್ತದೆ, ಕಿಟ್ಟ ಹರಿದು ಹೋಗಲು ಇನ್ನಷ್ಟು ಕಾವು, ಇನ್ನಷ್ಟು ಕೋಕ್ ಬೇಕಾಗುತ್ತದೆ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ಸ್ವೀಡನ್ನಿನ ಶುದ್ಧ ಮ್ಯಾಗ್ನಟೈಟ್‌ಗೆ ಬರೆದ ಲೆಕ್ಕ ಸಂಡೂರಿನ ಅದಿರಿಗೆ ಒಪ್ಪುವುದಿಲ್ಲ. 2018ರಿಂದ ಭಾರತ ಲೋಕದ ಎರಡನೇ ಅತಿ ದೊಡ್ಡ ಉಕ್ಕು ಉತ್ಪಾದಕ. 2017ರ ರಾಷ್ಟ್ರೀಯ ಉಕ್ಕು ನೀತಿ 2030-31ಕ್ಕೆ 300 ದಶಲಕ್ಷ ಟನ್ ಸಾಮರ್ಥ್ಯದ ಗುರಿ ಇಟ್ಟಿದೆ. ಅಷ್ಟು ಉಕ್ಕಿಗೆ ತಕ್ಕ ಅರಿವೂ ಇಲ್ಲಿಯೇ ಹುಟ್ಟಬೇಕು.

ಕಲ್ಲಿದ್ದಲಿಲ್ಲದ ನಾಡು, ನೂರು ವರ್ಷದ ಒಂದೇ ಪ್ರಶ್ನೆ

ಕರ್ನಾಟಕದ ಉಕ್ಕಿನ ಇತಿಹಾಸವನ್ನು ಒಂದೇ ಪ್ರಶ್ನೆಯಲ್ಲಿ ಹೇಳಬಹುದು: ಅದಿರಿದೆ, ಕೋಕ್ ಮಾಡುವ ಕಲ್ಲಿದ್ದಲಿಲ್ಲ, ಏನು ಮಾಡೋಣ?

ಮೊದಲ ಉತ್ತರ ಭದ್ರಾವತಿಯದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಹಂಬಲದಿಂದ ಎದ್ದ ಮೈಸೂರು ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು. ಮರವನ್ನು ಇದ್ದಿಲಾಗಿಸುವಾಗ ಹೊರಡುವ ಹೊಗೆಯನ್ನೂ ವ್ಯರ್ಥ ಮಾಡದೆ ಅದರಿಂದ ರಾಸಾಯನಿಕಗಳನ್ನು ಇಳಿಸಿಕೊಂಡರು. ಎರಡನೇ ಉತ್ತರವೂ ಅಲ್ಲಿಯದೇ. ಜೋಗದ ವಿದ್ಯುತ್ ಬಂದ ಮೇಲೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಯಲ್ಲಿ ಬೀಡುಕಬ್ಬಿಣ ಕರಗಿಸಿದರು. ಮೂರನೆಯದು ತೋರಣಗಲ್ಲಿನದು. 1999ರಲ್ಲಿ ಜಿಂದಾಲ್ ವಿಜಯನಗರ ಕಾರ್ಖಾನೆ ಕೋರೆಕ್ಸ್ ವಿಧಾನದಿಂದ, ಕೋಕ್ ಆಗದ ಕಲ್ಲಿದ್ದಲನ್ನು ನೇರವಾಗಿ ಬಳಸಿ ಕಬ್ಬಿಣ ತೆಗೆಯಿತು. ಆ ಕಾರ್ಖಾನೆ ಇಂದು ದೇಶದ ಅತಿ ದೊಡ್ಡ ಉಕ್ಕಿನ ತಾಣಗಳಲ್ಲೊಂದು.

ಮೂರೂ ಧೀರ ಉತ್ತರಗಳು. ಆದರೆ ಇದ್ದಿಲು ಕುಲುಮೆಗೆ ಸಲಹೆ ಅಮೆರಿಕದಿಂದ ಬಂತು, ವಿದ್ಯುತ್ ಕುಲುಮೆಯ ಮಾದರಿ ನಾರ್ವೆಯದು, ಕೋರೆಕ್ಸ್ ಆಸ್ಟ್ರಿಯದ ಕಂಪನಿಯದು. ಪ್ರಶ್ನೆ ಪ್ರತಿ ಸಲವೂ ನಮ್ಮದು, ಉತ್ತರ ಪ್ರತಿ ಸಲವೂ ಹೊರಗಿನದು. ತಂದ ವಿಧಾನವನ್ನು ಇಲ್ಲಿಯ ಅದಿರಿಗೆ ಒಗ್ಗಿಸಿದ ಇಂಜಿನಿಯರ್‌ಗಳ, ಕುಲುಮೆಯ ಕೆಲಸಗಾರರ ಅನುಭವ ಅಪಾರ. ಅದು ಆಯಾ ಕಾರ್ಖಾನೆಯ ಕಡತಗಳಲ್ಲಿ, ನಿವೃತ್ತರ ನೆನಪುಗಳಲ್ಲಿ ಉಳಿಯಿತು. ಮುಂದಿನ ಉತ್ತರ ಹುಡುಕುವವನು ಹೋಗಿ ಕೇಳುವಂಥ ಒಂದು ಮನೆಯಲ್ಲಿ ಅದು ಕೂಡಲಿಲ್ಲ. 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದು ನೂರು ವರ್ಷ ತುಂಬುವ ತಿಂಗಳಲ್ಲೇ, ಭದ್ರಾವತಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು. ಆ ವರ್ಷವೇ ಗಿರಣಿಯ ಒಂದು ಭಾಗ ಮತ್ತೆ ತಿರುಗತೊಡಗಿತಾದರೂ ಕುಲುಮೆಯ ಆ ನೂರು ವರ್ಷಗಳ ಅರಿವನ್ನು ಯಾರು ಬರೆದಿಟ್ಟುಕೊಂಡರು ಎಂಬ ನೋವು ಹಾಗೇ ಉಳಿದಿದೆ.

ಅದಿರಿನ ಕಡೆಯೂ ಇದೇ ಪಾಠ. ಕುದುರೆಮುಖದ ಬಡ ಮ್ಯಾಗ್ನಟೈಟನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದ್ದು ದೊಡ್ಡ ಸಾಧನೆ. ಕಾಡಿಗೂ ಭದ್ರಾ ನದಿಗೂ ಆದ ಹಾನಿಯ ಕಾರಣಕ್ಕೆ 2005ರ ಕೊನೆಗೆ ಅಲ್ಲಿಯ ಗಣಿಗಾರಿಕೆ ನಿಂತಿತು, ನಿಲ್ಲಬೇಕಾಗಿಯೂ ಇತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ತಡೆದಾಗ, ಬಡ ಅದಿರು ಎಂದು ಬದಿಗೆ ಸುರಿದಿದ್ದ ಪುಡಿಯ ಗುಡ್ಡೆಗಳೇ ಕಾರ್ಖಾನೆಗಳಿಗೆ ಆಸರೆಯಾದವು. ತೊಳೆದು, ಅರೆದು, ಬೇರ್ಪಡಿಸಿ ಅವನ್ನು ಬಳಸುವ ವಿದ್ಯೆ ಆಗ ಬೆಳೆಯಿತು. ಕಾಡನ್ನು ಇನ್ನಷ್ಟು ಅಗೆಯದೆ, ಅಗೆದು ಬಿಟ್ಟಿದ್ದನ್ನೇ ಬಳಸುವ ಈ ವಿದ್ಯೆ ಒಂದು ಕಂಪನಿಯ ಗುಟ್ಟಾಗಿ ಉಳಿಯಬಾರದು. ಅದು ನಾಡಿನ ನೆಲಕ್ಕೆ ಸಂಬಂಧಿಸಿದ್ದು.

ಈಗ ನಾಲ್ಕನೇ ಉತ್ತರದ ಹೊತ್ತು ಬಂದಿದೆ. ಅದಿರಿನಿಂದ ಆಮ್ಲಜನಕ ಕಳಚಲು ಇದ್ದಿಲು, ಕೋಕ್ ಬಳಸಿದರೆ ಹೊರಡುವುದು ಇಂಗಾಲದ ಡೈಆಕ್ಸೈಡ್. ಜಲಜನಕ ಬಳಸಿದರೆ ಹೊರಡುವುದು ನೀರಾವಿ. ಲೂಲಿಯೊದಲ್ಲಿ 2020ರಲ್ಲಿ ಇದಕ್ಕೆ ಪ್ರಯೋಗ ಘಟಕ ಶುರುವಾಯಿತು, 2021ರಲ್ಲಿ ಅಲ್ಲಿಯ ಕಬ್ಬಿಣದಿಂದಾದ ಉಕ್ಕು ವೋಲ್ವೊ ಕಂಪನಿಯ ಕೈಸೇರಿತು. ಭಾರತ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಹಸಿರು ಉಕ್ಕಿಗೆ ಅಳತೆ ನಿಗದಿ ಮಾಡಿತು: ಟನ್ ಉಕ್ಕಿಗೆ 2.2 ಟನ್‌ಗಿಂತ ಕಡಿಮೆ ಇಂಗಾಲದ ಹೊರೆ. 2026ರ ಜನವರಿಯಿಂದ ಯುರೋಪ್ ತನ್ನ ಗಡಿ ದಾಟುವ ಉಕ್ಕಿನ ಇಂಗಾಲಕ್ಕೆ ಬೆಲೆ ಕಟ್ಟುತ್ತಿದೆ. ಕಲ್ಲಿದ್ದಲಿಲ್ಲದ, ಪಾವಗಡದಂಥ ಕಡೆ 2050 ಮೆಗಾವಾಟ್ ಸೌರಶಕ್ತಿ ಕೂಡಿಸಿರುವ ಕರ್ನಾಟಕಕ್ಕೆ ಇದು ಹೇಳಿ ಮಾಡಿಸಿದ ದಾರಿ. ತೊಡಕೊಂದಿದೆ. ಜಲಜನಕದ ವಿಧಾನ ಬಯಸುವುದು ಬಲು ಶುದ್ಧ ಅದಿರನ್ನು. ನಮ್ಮ ಅಲ್ಯೂಮಿನಾ ತುಂಬಿದ ಹೆಮಟೈಟ್ ಅದಿರನ್ನು ಅದಕ್ಕೆ ಒಗ್ಗಿಸುವುದು ಹೇಗೆ? ಸ್ವೀಡನ್ನಿಗೆ ಈ ತೊಡಕಿಲ್ಲ, ಆದ್ದರಿಂದ ಸ್ವೀಡನ್ ಇದಕ್ಕೆ ಉತ್ತರ ಹುಡುಕುವುದಿಲ್ಲ. ನಾವೇ ಹುಡುಕಬೇಕು.

ಎದುರು ಮಾತುಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1945ರಿಂದ ಲೋಹವಿಜ್ಞಾನ ವಿಭಾಗವಿದೆ, ಸುರತ್ಕಲ್‌ನಲ್ಲಿ ಇನ್ನೊಂದಿದೆ, ಇನ್ನೇನು ಬೇಕು ಎನ್ನುವವರಿದ್ದಾರೆ. ಅವು ಮೊದಲ ಮೆಟ್ಟಿಲಿನ ಮನೆಗಳು. ಅವುಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ವಿದ್ಯಾರ್ಥಿ ಪದವಿ ಮುಗಿಸಿ ಹೊರಟರೆ ಪ್ರಯೋಗವೂ ಅಲ್ಲಿಗೆ ನಿಲ್ಲುತ್ತದೆ. ಕುಲುಮೆಯ ಪ್ರಶ್ನೆಗಳಿಗೆ ಹತ್ತು, ಹದಿನೈದು ವರ್ಷ ಕೂತು ಉತ್ತರಿಸುವ ಕಾಯಂ ಕೈಗಳು ಬೇಕು.

ದೊಡ್ಡ ಕಂಪನಿಗಳು ತಮಗೆ ಬೇಕಾದ್ದನ್ನು ತಾವೇ ಮಾಡಿಕೊಳ್ಳುತ್ತವೆ ಎನ್ನುವ ಮಾತೂ ಇದೆ. ನಿಜ, ಅವು ಮಾಡಿಕೊಳ್ಳುತ್ತವೆ. ಬೆಳಗಾವಿಯ, ಶಿವಮೊಗ್ಗದ ಎರಕದ ಮನೆಗಳು, ಬಳ್ಳಾರಿ ಸೀಮೆಯ ಸಣ್ಣ ಸ್ಪಂಜು ಕಬ್ಬಿಣದ ಘಟಕಗಳು, ಗುಜರಿ ಕರಗಿಸಿ ಕಂಬಿ ಎಳೆಯುವ ಸಣ್ಣ ಗಿರಣಿಗಳು ಏನು ಮಾಡಬೇಕು? ಭಾರತದ ಉಕ್ಕಿನಲ್ಲಿ ಇಂಥ ಸಣ್ಣವರ ಪಾಲು ಸಣ್ಣದಲ್ಲ. ಹೊಗೆ ಹೆಚ್ಚು ಬರುವುದೂ, ಕಂಬಿಯ ಗುಣ ಹೆಚ್ಚುಕಡಿಮೆಯಾಗುವುದೂ ಇಲ್ಲಿಯೇ. ಅವರ ಬಳಿ ಸಂಶೋಧನೆಗೆ ಹಣವಿಲ್ಲ. ಪ್ರಶ್ನೆಗಳು ಮಾತ್ರ ರಾಶಿ.

ಸರ್ಕಾರಿ ಸಂಸ್ಥೆ ಕಟ್ಟಿದರೆ ಕಟ್ಟಡ ಏಳುತ್ತದೆ, ಕೆಲಸ ಏಳುವುದಿಲ್ಲ ಎಂಬ ಅನುಮಾನ ಮೂರನೆಯದು. ಇದಕ್ಕೆ ಮಾತಿನಲ್ಲಿ ಉತ್ತರಿಸುವ ಬದಲು ನಮ್ಮ ಸುತ್ತಲಿನ ಹೊಲಗಳನ್ನು ತೋರಿಸುತ್ತೇನೆ.

ಹಿಪ್ಪುನೇರಳೆಯ ಪಾಠ

ಕೊಳ್ಳೇಗಾಲ ಸೀಮೆಯ ರೇಷ್ಮೆ ಬೆಳೆಗಾರರಿಗೆ ಅನ್ವಯಿಕ ಸಂಶೋಧನಾಲಯ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಮೈಸೂರಿನಲ್ಲಿ 1961ರಿಂದ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿದೆ. ಇಂದು ಹೊಲಗಳಲ್ಲಿ ಕಾಣುವ ವಿ-1 ಹಿಪ್ಪುನೇರಳೆ ಅಲ್ಲಿ ಹುಟ್ಟಿದ್ದು. ದ್ವಿತಳಿ ಮಿಶ್ರ ಹುಳುಗಳನ್ನು ಇಲ್ಲಿಯ ಸೆಕೆಗೆ ಒಗ್ಗಿಸಿದ್ದೂ ಅಲ್ಲಿಯೇ. ಜಪಾನಿನ ಹುಳುವನ್ನು ಹಾಗೇ ತಂದಿದ್ದರೆ ಇಲ್ಲಿ ಬಾಳುತ್ತಿರಲಿಲ್ಲ. ಮನೆಯ ತನಕ ಬಂದು, ತಟ್ಟೆಯ ಮುಂದೆ ಕೂತು, ಯಾಕೆ ಹುಳು ಸುಣ್ಣಕಟ್ಟಿತು ಎಂದು ನೋಡುವ ವಿಜ್ಞಾನ ಅದು. ರೈತ ಕೇಳುತ್ತಾನೆ, ಸಂಸ್ಥೆ ಉತ್ತರಿಸುತ್ತದೆ, ಉತ್ತರ ತಪ್ಪಿದರೆ ಮುಂದಿನ ಬೆಳೆಯಲ್ಲಿ ಗೊತ್ತಾಗುತ್ತದೆ.

ಕೊಯಮತ್ತೂರಿನ ಮಾದರಿಯೂ ನಮಗೆ ದೂರದ್ದಲ್ಲ. ಕೊಳ್ಳೇಗಾಲ 1956ರವರೆಗೆ ಆ ಜಿಲ್ಲೆಗೇ ಸೇರಿತ್ತು. ಅದೇ ವರ್ಷ ಅಲ್ಲಿಯ ನೂಲಿನ ಗಿರಣಿಗಳು ಒಟ್ಟುಗೂಡಿ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘ ಕಟ್ಟಿದವು. ಯಂತ್ರೋಪಕರಣಗಳಿಗೆಂದು ಬೆಂಗಳೂರಿನಲ್ಲಿ 1962ರಿಂದ ಕೇಂದ್ರೀಯ ಸಂಸ್ಥೆಯೊಂದಿದೆ. ರೇಷ್ಮೆಗೆ ಸಾಧ್ಯವಾದದ್ದು, ನೂಲಿಗೆ ಸಾಧ್ಯವಾದದ್ದು, ಲೇತಿಗೆ ಸಾಧ್ಯವಾದದ್ದು ಉಕ್ಕಿಗೂ ಸಾಧ್ಯ.

ಅಂಥ ಮನೆ ಇರಬೇಕಾದ್ದು ಭದ್ರಾವತಿಯಲ್ಲಿ ಇಲ್ಲವೇ ಬಳ್ಳಾರಿ ಸೀಮೆಯಲ್ಲಿ, ಕುಲುಮೆಯ ಹೊಗೆ ಕಾಣುವ ದೂರದಲ್ಲಿ. ಹಣದ ಒಂದು ಪಾಲು ಸರ್ಕಾರದ್ದು, ಒಂದು ಪಾಲು ಟನ್ನಿಗಿಷ್ಟು ಎಂದು ಕಾರ್ಖಾನೆಗಳದ್ದು ಆಗಬೇಕು. ಹಣ ಕೊಟ್ಟವರಿಗೆ ದನಿಯಿರುತ್ತದೆ, ದನಿಯಿರುವವರು ಕೆಲಸ ಕೇಳುತ್ತಾರೆ. ಅದರ ಕೈಯಲ್ಲಿ ಮೂರು ಕೆಲಸಗಳಿರಲಿ: ಬಡ ಅದಿರನ್ನು ಹಸಿರು ವಿಧಾನಗಳಿಗೆ ಒಗ್ಗಿಸುವುದು, ಸಣ್ಣ ಗಿರಣಿ ಮತ್ತು ಎರಕದ ಮನೆಗಳಿಗೆ ಪರೀಕ್ಷೆ ಹಾಗೂ ಸಲಹೆ, ಕಿಟ್ಟವನ್ನು ರಸ್ತೆಗೂ ಗಾರೆಗೂ ಬಳಸುವುದು. ಸೂರತ್‌ನಲ್ಲಿ 2022ರಲ್ಲಿ ಉಕ್ಕಿನ ಕಿಟ್ಟದಿಂದಲೇ ಆರು ಪಥದ ರಸ್ತೆ ಹಾಕಿ ತೋರಿಸಿದ್ದಾರೆ. ಜೊತೆಗೆ ನಿವೃತ್ತ ಕೆಲಸಗಾರರ ಅನುಭವವನ್ನು ಕನ್ನಡದಲ್ಲೇ ಕೇಳಿ ಬರೆದಿಡುವ ಒಂದು ಕೋಣೆ ಅಲ್ಲಿರಲಿ.

ಹಲಗೂರಿನ ದಾರಿ

ಮುಳ್ಳೂರಿನ ಆಸುಪಾಸಿನವರಿಗೆ ಕಬ್ಬಿಣದ ಕಥೆ ಹೊಸದಲ್ಲ. ಇಲ್ಲಿಯ ಜನಪದ ಕಾವ್ಯದ ನಾಯಕ, ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಹುಟ್ಟಿದ್ದು ಕಮ್ಮಾರರ ಮನೆಯಲ್ಲಿ, ಕೆಂಪಾಚಾರಿಯಾಗಿ. ಗುರು ಮಂಟೇಸ್ವಾಮಿ ಅವನನ್ನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾರೆ. ಕಬ್ಬಿಣ ಇಟ್ಟುಕೊಂಡವರು ಇಲ್ಲವೆನ್ನುತ್ತಾರೆ. ಕೊಡುವ ಮೊದಲು ಅವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಚಿಕ್ಕಲ್ಲೂರಿನ ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಈ ಪರಂಪರೆಯ ಗಾಯಕರಾದ ನೀಲಗಾರರು ಈ ಸಾಲನ್ನು ಹಾಡುವಾಗ ಅವರ ತಂಬೂರಿಯ ತಂತಿ ಮಿಡಿಯುತ್ತಿರುತ್ತದೆ. ಕೇಳುವಾಗೆಲ್ಲ ಬುಕಾನನ್ ಕಂಡ ಚನ್ನಪಟ್ಟಣದ ಉಕ್ಕಿನ ತಂತಿ ನನಗೆ ನೆನಪಾಗುತ್ತದೆ.

ಭಕ್ತರಿಗೆ ಅದು ಗುರುಪವಾಡ. ನನಗೆ ಅದರಲ್ಲಿ ಇನ್ನೊಂದು ಮಾತೂ ಕೇಳಿಸುತ್ತದೆ. ಬೇಡುವವನೂ ಕಮ್ಮಾರನ ಮಗ, ಇಲ್ಲವೆನ್ನುವವರೂ ಅದೇ ಕಸುಬಿನವರು. ಒಂದೇ ವಿದ್ಯೆಯ ಬಳಗದೊಳಗೇ ಬಾಗಿಲು ಮುಚ್ಚಿಕೊಂಡಿತ್ತು. ಲಿಯೇಜ್‌ನಲ್ಲಿ, ಲೂಲಿಯೊದಲ್ಲಿ, ಡ್ಯೂಸೆಲ್ಡಾರ್ಫ್‌ನಲ್ಲಿ ಆ ಬಾಗಿಲನ್ನು ಅವರವರೇ ಕೂಡಿ ತೆರೆದರು.

ಆಚಾರ್ರಿಗೆ ನಾನು ಇಂಗಾಲದ ಲೆಕ್ಕ ಹೇಳಿದೆ. ಗಮನವಿಟ್ಟು ಕೇಳಿದರು. ಆಮೇಲೆ ಒಳಗೆ ಹೋಗಿ ಅಂಗೈ ಉದ್ದದ ಒಂದು ಅಲಗು ತಂದರು. ನಡುವೆ ಕೂದಲಿನಂಥ ಬಿರುಕು.

"ಹಂಗಾದ್ರ ಇದನ್ನೂ ಹೇಳಿ ಸ್ವಾಮಿ. ಹೊಸ ಲಾರಿ ಪಟ್ಟಿಲಿ ಒಂದೊಂದು ಸಲ ನೀರು ಮುಟ್ಟಿಸಿದ ಕೂಡ್ಲೆ ಹಿಂಗ ಬಿರುಕು ಬುಡ್ತದ. ಅದ್ಯಾಕ?"

ಹೊಸ ಪಟ್ಟಿಗಳಲ್ಲಿ ಬೇರೆ ಮಿಶ್ರಣವಿರಬಹುದು, ಅದು ನೀರಿನ ಬಿರುಸನ್ನು ತಾಳದೆ ಎಣ್ಣೆಯ ಮೆಲುಪನ್ನು ಬೇಡುತ್ತಿರಬಹುದು. ಖಚಿತವಾಗಿ ಹೇಳಲು ಆ ತುಂಡನ್ನು ಪರೀಕ್ಷೆಗೆ ಹಾಕಬೇಕು, ಬಿರುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಆಮೇಲೆ ಮತ್ತೆ ಮುಳ್ಳೂರಿಗೆ ಬಂದು ಹೇಳಬೇಕು. ಕಾಗದದಲ್ಲಿ ಸುತ್ತಿ ತಂದ ಆ ಅಲಗು ನಾನು ಬರೆಯುವ ಮೇಜಿನ ಮೇಲಿದೆ. ರೇಷ್ಮೆ ಹುಳುವಿಗೆ ರೋಗ ಬಂದಿದ್ದರೆ ನಾಳೆಯೇ ಮೈಸೂರಿನ ಬಸ್ಸು ಹತ್ತುತ್ತಿದ್ದೆ. ಈ ತುಂಡು ಹಿಡಿದು ಯಾವ ಊರಿನ ಬಸ್ಸು ಹತ್ತಬೇಕೆಂದು ನಾಡು ನನಗೂ ಆಚಾರ್ರಿಗೂ ಹೇಳಬೇಕಾಗಿದೆ.